ಕನ್ನಡ ಪುಸ್ತಕಕ್ಕೆ ಎಷ್ಟು ಇಂಚಿನ ಪರದೆ ಬೇಕು?

ಟ್ಯಾಬ್ ಕೊಳ್ಳಲು ಅಂಗಡಿಗೆ ಹೋದರೆ ಮಾರುವವರು ಮೊದಲು ಹೇಳುವುದು ಪ್ರೊಸೆಸರಿನ ಹೆಸರು, ಆಮೇಲೆ ರ‍್ಯಾಮ್, ಆಮೇಲೆ ಕ್ಯಾಮೆರಾ. ಆಟ ಆಡುವವರಿಗೂ ವಿಡಿಯೊ ಮಾಡುವವರಿಗೂ ಇವೆಲ್ಲ ಬೇಕು. ಓದಲೆಂದೇ ಟ್ಯಾಬ್ ಹುಡುಕುವವರಿಗೆ ಬೇಕಾದ ವಿವರಗಳು ಮಾತ್ರ ಡಬ್ಬದ ಮೇಲೆ ಸಣ್ಣಕ್ಷರದಲ್ಲಿರುತ್ತವೆ: ಪರದೆಯ ಅಳತೆ, ಅದರ ಉದ್ದಗಲದ ಪ್ರಮಾಣ, ಪಿಕ್ಸೆಲ್‌ಗಳ ಸಂಖ್ಯೆ, ತೂಕ. ಇಂಗ್ಲಿಷ್ ಕಾದಂಬರಿ ಓದುವವರು ಇವುಗಳ ಬಗ್ಗೆಯೂ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಆರೇಳು ಇಂಚಿನ ಕಿಂಡಲ್ ಅವರಿಗೆ ಧಾರಾಳವಾಗಿ ಸಾಕು. ಕನ್ನಡ ಓದುಗರ ಸ್ಥಿತಿ ಬೇರೆ. ನಮ್ಮ ಡಿಜಿಟಲ್ ಪುಸ್ತಕಗಳು ಇರುವ ರೂಪವೇ ನಮ್ಮನ್ನು ದೊಡ್ಡ ಪರದೆಯ ಕಡೆಗೆ ತಳ್ಳುತ್ತದೆ. ಹಾಗಾಗಿ ಟ್ಯಾಬ್ ಅಳೆಯುವ ಮೊದಲು ಪುಸ್ತಕವನ್ನು ಅಳೆಯಬೇಕು.

ನಮ್ಮಲ್ಲಿರುವುದು ಪುಟಗಳ ಚಿತ್ರ

ಡಿಜಿಟಲ್ ಪುಸ್ತಕಗಳಲ್ಲಿ ಮುಖ್ಯವಾಗಿ ಎರಡು ಬಗೆ. ಇಪಬ್ ಮಾದರಿಯಲ್ಲಿ ಪಠ್ಯ ಯೂನಿಕೋಡ್ ಅಕ್ಷರಗಳಾಗಿ ಇರುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲುಗಳು ತಾವಾಗಿಯೇ ಮುರಿದು ಹೊಸದಾಗಿ ಜೋಡಣೆಯಾಗುತ್ತವೆ, ಆದ್ದರಿಂದ ಫೋನಿನಲ್ಲೂ ಆರಾಮವಾಗಿ ಓದಬಹುದು. ಪಿಡಿಎಫ್‌ನಲ್ಲಿ ಪುಟ ಅಚ್ಚಾದ ಹಾಗೆಯೇ ಇರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಪುಟದ ಚಿತ್ರ ಮಾತ್ರ. ಹಿಗ್ಗಿಸಿದರೆ ಸಾಲು ಪರದೆಯ ಆಚೆ ಹೋಗುತ್ತದೆ, ಕುಗ್ಗಿಸಿದರೆ ಒತ್ತಕ್ಷರ ಕಾಣಿಸುವುದಿಲ್ಲ.

ಕನ್ನಡದ ಹಳೆಯ ಸಾಹಿತ್ಯ ಅಂತರಜಾಲದಲ್ಲಿ ಸಿಗುವುದು ಬಹುಪಾಲು ಈ ಎರಡನೆಯ ರೂಪದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಜೊತೆಗೂಡಿ 2000ದ ದಶಕದ ಆರಂಭದಲ್ಲಿ ಕೈಗೆತ್ತಿಕೊಂಡ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಸ್ಕ್ಯಾನ್ ಆದವು. ಅವುಗಳಲ್ಲಿ ಹಲವು ಇಂದು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಕನ್ನಡದಲ್ಲೇ ಹೆಸರು ಬೆರಳಚ್ಚಿಸಿ ಅವನ್ನು ಹುಡುಕಲು ಅನುಕೂಲವಾಗುವಂತೆ 'ಪುಸ್ತಕ ಸಂಚಯ' ರೂಪುಗೊಂಡಿತು. ಇತ್ತೀಚಿನ ವರ್ಷಗಳಲ್ಲಿ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಬಳಗದವರು ಬೆಂಗಳೂರಿನಲ್ಲೇ ಸ್ಕ್ಯಾನ್ ಮಾಡಿ ಸೇರಿಸುತ್ತಿದ್ದಾರೆ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ಮುದ್ದಣ, ಗಳಗನಾಥ, ಪಂಜೆ ಮಂಗೇಶರಾಯರು, ಬಿ.ಎಂ. ಶ್ರೀಕಂಠಯ್ಯ, ಟಿ.ಪಿ. ಕೈಲಾಸಂ ಇವರ ಬರಹಗಳೆಲ್ಲ ಈಗ ಸಾರ್ವಜನಿಕ ಸ್ವತ್ತು. 1963ರಲ್ಲಿ ತೀರಿಕೊಂಡ ಮಂಜೇಶ್ವರ ಗೋವಿಂದ ಪೈಗಳ ಕೃತಿಗಳು 2024ರಿಂದ ಈ ಸಾಲಿಗೆ ಸೇರಿವೆ. ಹಳೆಯ ಪುಸ್ತಕ ಹುಡುಕಿಕೊಂಡು ಊರೂರು ಅಲೆಯುತ್ತಿದ್ದವರಿಗೆ ಇದೊಂದು ನಿಧಿಯೇ ಸರಿ. ಆದರೆ ನಿಧಿಯೆಲ್ಲ ಚಿತ್ರರೂಪದಲ್ಲಿದೆ.

ಹೊಸ ಪುಸ್ತಕಗಳ ಕಥೆಯೂ ಪೂರ್ತಿ ಸಲೀಸಲ್ಲ. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಆರಂಭಿಸಿದಾಗ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ. ಕನ್ನಡ ಇರಲಿಲ್ಲ. ಹೀಗಾಗಿ ಕನ್ನಡದ ಹೊಸ ಇ-ಪುಸ್ತಕಗಳು 'ಮೈಲ್ಯಾಂಗ್‌'ನಂಥ ನಮ್ಮವರದೇ ಆ್ಯಪ್‌ಗಳಲ್ಲಿ ಬೆಳೆದವು. ಆ್ಯಪ್ ನಡೆಯಬೇಕಾದರೆ ಆಂಡ್ರಾಯ್ಡ್ ಅಥವಾ ಐಒಎಸ್ ಬೇಕು, ಮಾಮೂಲಿ ಕಿಂಡಲ್‌ನಲ್ಲಿ ಅದು ಕೂರುವುದಿಲ್ಲ.

ಮೂರನೆಯ ಬಗೆಯೊಂದಿದೆ: ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ಪುಸ್ತಕ, ವರದಿ, ಸ್ಮರಣ ಸಂಚಿಕೆ. ತೆರೆದು ನೋಡಿದರೆ ಅಕ್ಷರ ಸ್ಪಷ್ಟ, ಮುದ್ದಾಗಿದೆ. ಅದರಲ್ಲಿರುವ 'ಕನ್ನಡ' ಎಂಬ ಪದವನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಮೊದಲಿಗೆ ಇಂಗ್ಲಿಷಿನ 'ಪಿ', ನಡುವೆ ಬ್ರಿಟನ್ನಿನ ಪೌಂಡ್ ಗುರುತು, ಕೊನೆಯ ಹೊತ್ತಿಗೆ ಒಂದು 'ಕ್ಯೂ' ಬರುತ್ತದೆ. ಕಂಪ್ಯೂಟರಿಗೆ ಅಲ್ಲಿ ಕನ್ನಡವೇ ಇಲ್ಲ. ಇಂಥ ಪುಸ್ತಕದಲ್ಲಿ ಪದ ಹುಡುಕಲಾಗದು, ಸಾಲು ಮರುಜೋಡಣೆಯೂ ಆಗದು. ಓದುವವರ ಪಾಲಿಗೆ ಇದೂ ಚಿತ್ರವೇ.

ಪುಸ್ತಕದ ಆಕಾರ, ಪರದೆಯ ಅಳತೆ

ಕನ್ನಡ ಪುಸ್ತಕದ ಎರಡನೆಯ ಪುಟ ತೆರೆದರೆ 'ಬಳಸಿದ ಕಾಗದ 70 ಜಿಎಸ್‌ಎಂ, ಡೆಮಿ 1/8' ಎಂದು ಇರುತ್ತದೆ. ಟ್ಯಾಬ್ ಕೊಳ್ಳುವವರಿಗೆ ಅತ್ಯಂತ ಉಪಯೋಗದ ಸಾಲು ಅದು. ಡೆಮಿ 1/8 ಎಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಹಳೆಯ ಕಾದಂಬರಿಗಳ ಕ್ರೌನ್ 1/8 ಇದಕ್ಕಿಂತ ಚಿಕ್ಕದು, ಹೆಚ್ಚುಕಡಿಮೆ ಐದು ಇಂಚಿಗೆ ಏಳೂವರೆ. ದೊಡ್ಡ ಆಕಾರದ ಕ್ರೌನ್ 1/4 ಸುಮಾರು ಏಳೂಕಾಲು ಇಂಚಿಗೆ ಒಂಬತ್ತೂವರೆ. ಸರಕಾರಿ ವರದಿ, ಸಂಶೋಧನಾ ಪ್ರಬಂಧಗಳ ಎ4 ಪುಟ 8.3 ಇಂಚಿಗೆ 11.7.

ಟ್ಯಾಬ್ ಕಂಪನಿಗಳು ಹೇಳುವ ಇಂಚು ಮೂಲೆಯಿಂದ ಮೂಲೆಗೆ ಅಳೆದ ಕರ್ಣ. ಅದನ್ನು ಉದ್ದಗಲಕ್ಕೆ ಇಳಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. 16:10 ಪ್ರಮಾಣದ 10.1 ಇಂಚಿನ ಪರದೆಯನ್ನು ನೆಟ್ಟಗೆ ಹಿಡಿದರೆ 5.35 ಇಂಚು ಅಗಲ, 8.57 ಇಂಚು ಎತ್ತರ. ಅಂದರೆ ಅದು ಹೆಚ್ಚುಕಡಿಮೆ ಒಂದು ಡೆಮಿ 1/8 ಪುಟ! ನಮ್ಮ ಕಪಾಟಿನ ಬಹುಪಾಲು ಪುಸ್ತಕಗಳನ್ನು ಅಚ್ಚಾದ ಗಾತ್ರದಲ್ಲೇ ತೋರಿಸಬಲ್ಲ ಪರದೆ ಹತ್ತು ಇಂಚಿನಿಂದ ಶುರುವಾಗುತ್ತದೆ ಎಂಬುದು ಈ ಲೆಕ್ಕದ ಫಲ. ಏಳು ಇಂಚಿನ ಕಿಂಡಲ್ ಪೇಪರ್‌ವೈಟ್ ಪರದೆಯ ಎತ್ತರ ಸುಮಾರು 5.6 ಇಂಚು ಮಾತ್ರ. ಅದರಲ್ಲಿ ಡೆಮಿ ಪುಟ ಮೂರನೇ ಎರಡು ಪಾಲಿಗೆ ಕುಗ್ಗುತ್ತದೆ.

ಪುಟದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಿ ತೋರಿಸುವ ಸೌಲಭ್ಯ ಓದುವ ಆ್ಯಪ್‌ಗಳಲ್ಲಿದೆ. ಡೆಮಿ ಪುಟದಲ್ಲಿ ಅಂಚು ಬಿಟ್ಟು ಉಳಿಯುವ ಅಚ್ಚು ಭಾಗ ಸುಮಾರು 4.2 ಇಂಚಿಗೆ 7. ಆಗ 8.7 ಇಂಚಿನ ಟ್ಯಾಬ್ ಕೂಡ ಕಾದಂಬರಿಗೆ ಸಾಕಾಗುತ್ತದೆ. ಬಸ್ಸಿನಲ್ಲಿ, ಮಲಗಿಕೊಂಡು ಓದುವವರು ಇದನ್ನು ತಳ್ಳಿಹಾಕಬೇಕಾಗಿಲ್ಲ.

ಪ್ರಮಾಣದ ಪ್ರಶ್ನೆ ಇಲ್ಲಿಂದ ಮುಂದೆ ಬರುತ್ತದೆ. 16:10 ಸಿನಿಮಾಕ್ಕೆ ಹೊಂದುವ ಪ್ರಮಾಣ, ನೆಟ್ಟಗೆ ಹಿಡಿದರೆ ಉದ್ದ ಜಾಸ್ತಿ, ಅಗಲ ಕಡಿಮೆ. 11 ಇಂಚಿನ ಇಂಥ ಪರದೆಯ ಅಗಲ 5.8 ಇಂಚು. 10.9 ಇಂಚಿನ ಐಪ್ಯಾಡ್ ಕರ್ಣದಲ್ಲಿ ಚಿಕ್ಕದಾದರೂ ಅದರ ಅಗಲ 6.2 ಇಂಚು. 2023ರ ಅಕ್ಟೋಬರಿನಲ್ಲಿ ಬಂದ ಒನ್‌ಪ್ಲಸ್ ಪ್ಯಾಡ್ ಗೋ 11.35 ಇಂಚಿನದು, ಪ್ರಮಾಣ 7:5, ಅಗಲ 6.6 ಇಂಚು. ಪಠ್ಯಪುಸ್ತಕ, ಎ4 ವರದಿ, ಶಾಸನ ಸಂಪುಟ, ಎರಡು ಅಂಕಣದ ನಿಘಂಟು ಓದುವವರಿಗೆ ಹೆಚ್ಚುವರಿಯಾಗಿ ಸಿಗುವ ಈ ಮುಕ್ಕಾಲು ಇಂಚು ಅಗಲ ದೊಡ್ಡ ಮಾತು. ಅಂಚು ಕತ್ತರಿಸಿದ ಎ4 ಪುಟ ಪ್ಯಾಡ್ ಗೋದಲ್ಲಿ ಬಹುತೇಕ ಮೂಲ ಗಾತ್ರದಲ್ಲೇ ಕಾಣುತ್ತದೆ. ಎರಡು ಟ್ಯಾಬ್‌ಗಳ ಇಂಚು ಒಂದೇ ಆಗಿದ್ದರೆ ಹೆಚ್ಚು ಚೌಕವಾಗಿರುವುದನ್ನು ಆರಿಸಿ.

ವಯಸ್ಸಾದವರಿಗೆ ಇನ್ನೊಂದು ಉಪಾಯ. 11 ಇಂಚಿನ ಟ್ಯಾಬನ್ನು ಅಡ್ಡ ಹಿಡಿದು ಪುಟವನ್ನು ಅಗಲಕ್ಕೆ ಹೊಂದಿಸಿದರೆ ಡೆಮಿ ಪುಟ ಒಂದೂಮುಕ್ಕಾಲು ಪಟ್ಟಿನಷ್ಟು ಹಿಗ್ಗುತ್ತದೆ. ಒಮ್ಮೆಗೆ ಕಾಣುವುದು ಅರ್ಧ ಪುಟವೇ ಆದರೂ ಅಕ್ಷರ ಒಂದನೇ ತರಗತಿಯ ಪಠ್ಯದಷ್ಟು ದಪ್ಪ. ಕನ್ನಡದಲ್ಲಿ ದೊಡ್ಡಕ್ಷರದ ಮುದ್ರಣಗಳು ಬೆರಳೆಣಿಕೆಯಷ್ಟಿರುವಾಗ ಇದು ಸಣ್ಣ ಲಾಭವೇನಲ್ಲ.

ಒತ್ತು ಕಾಣುತ್ತದೆಯೇ?

ಇಂಚು ಸರಿಯಿದ್ದರೂ ಪಿಕ್ಸೆಲ್ ಕಡಿಮೆಯಿದ್ದರೆ ಪ್ರಯೋಜನವಿಲ್ಲ. ಇಲ್ಲಿ ಕನ್ನಡ ಲಿಪಿಯೇ ಒಳ್ಳೆಯ ಪರೀಕ್ಷಕ. 'ದ' ಮತ್ತು 'ಧ', 'ಡ' ಮತ್ತು 'ಢ', 'ಬ' ಮತ್ತು 'ಭ' ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳಿನದು. 'ಪ' ಮತ್ತು 'ಷ' ಬೇರೆಯಾಗುವುದು ಹೊಟ್ಟೆಯ ಒಂದು ಗೀಟಿನಿಂದ. ಅದರ ಮೇಲೆ ಸಾಲಿನ ಅಡಿಗೆ ಇಳಿಯುವ ಒತ್ತಕ್ಷರಗಳು. ಸಾಲಿಗೆ 40 ಅಕ್ಷರಗಳಿವೆ ಎಂದಿಟ್ಟುಕೊಳ್ಳಿ. 1280×800 ಪಿಕ್ಸೆಲ್‌ನ ಅಗ್ಗದ ಟ್ಯಾಬನ್ನು ನೆಟ್ಟಗೆ ಹಿಡಿದಾಗ ಒಂದೊಂದು ಅಕ್ಷರಕ್ಕೆ ಸಿಗುವುದು ಹೆಚ್ಚೆಂದರೆ 20 ಪಿಕ್ಸೆಲ್ ಅಗಲ. ಮಹಾಪ್ರಾಣದ ಸೀಳಿಗೆ ಉಳಿಯುವುದು ಒಂದೆರಡು ಚುಕ್ಕೆ. 1920×1200 ಆದರೆ 30 ಪಿಕ್ಸೆಲ್ ಸಿಗುತ್ತದೆ, ಸೀಳು ಸೀಳಾಗಿಯೇ ಕಾಣುತ್ತದೆ.

ಇಂಚಿಗೆ ಎಷ್ಟು ಪಿಕ್ಸೆಲ್ ಎಂಬ ಲೆಕ್ಕದಲ್ಲಿ ಹೇಳುವುದಾದರೆ 10.1 ಇಂಚಿನ 1280×800 ಪರದೆಯದ್ದು ಸುಮಾರು 150. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್, ರೆಡ್ಮಿ ಪ್ಯಾಡ್ ಎಸ್ಇ, ಲೆನೊವೊ ಟ್ಯಾಬ್ ಎಂ11 ಮೂರೂ 11 ಇಂಚು, 1920×1200, ಅಂದರೆ ಸುಮಾರು 206. ಒನ್‌ಪ್ಲಸ್ ಪ್ಯಾಡ್ ಗೋ 260, ಐಪ್ಯಾಡ್ 264. ಅಚ್ಚಿನ ಪುಟದಂತೆ ಓದಲು 200 ಕನಿಷ್ಠ, 250 ದಾಟಿದರೆ ಸಂತೋಷ. 150ರ ಪರದೆಗೆ ಬೆಲೆ ಎಷ್ಟೇ ಇಳಿದರೂ ಹಣ ಹಾಕಬೇಡಿ.

ಇ-ಇಂಕ್ ಆಸೆ

ಓದುವವರ ಮಾತಿನಲ್ಲಿ ಇ-ಇಂಕ್ ವಿಷಯ ಬಂದೇ ಬರುತ್ತದೆ. ಆ ಪರದೆಯೊಳಗೆ ಕಪ್ಪು ಮತ್ತು ಬಿಳಿ ಬಣ್ಣದ ಸೂಕ್ಷ್ಮ ಕಣಗಳು ವಿದ್ಯುತ್ತಿನ ಸೆಳೆತಕ್ಕೆ ಮೇಲೆ ಕೆಳಗೆ ಸರಿದು ಅಕ್ಷರ ಮೂಡಿಸುತ್ತವೆ. ಪುಟ ಬದಲಾಗುವಾಗ ಮಾತ್ರ ವಿದ್ಯುತ್ ಬೇಕು. ಬಿಸಿಲಿನಲ್ಲಿ ಕಾಗದದಂತೆ ಕಾಣುತ್ತದೆ, ಬ್ಯಾಟರಿ ವಾರಗಟ್ಟಲೆ ಬರುತ್ತದೆ. 2007ರಲ್ಲಿ ಮೊದಲ ಕಿಂಡಲ್ ಬಂದಾಗಿನಿಂದ ಓದುಗರು ಇದಕ್ಕೆ ಮನಸೋತಿರುವುದು ಸಹಜ.

ಅಡ್ಡಿ ಎರಡು. ಮೊದಲನೆಯದು ಬೆಲೆ. ಹತ್ತು ಇಂಚಿನ ಇ-ಇಂಕ್ ಸಾಧನಕ್ಕೆ ಸಾಧಾರಣ ಟ್ಯಾಬ್‌ನ ಎರಡು ಪಟ್ಟೋ ಅದಕ್ಕಿಂತ ಹೆಚ್ಚೋ ತೆರಬೇಕು. ಎರಡನೆಯದು ನಮ್ಮ ಪುಸ್ತಕಗಳದು. ಡಿಜಿಟಲ್ ಲೈಬ್ರರಿಯ ಕಪ್ಪು-ಬಿಳುಪು ಸ್ಕ್ಯಾನ್‌ಗಳು ಇ-ಇಂಕ್‌ನಲ್ಲಿ ಚೆನ್ನಾಗಿಯೇ ಕಾಣುತ್ತವೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿದ ಹಳದಿಗಟ್ಟಿದ ಪುಟ ಮಾತ್ರ ಅಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೂದಿಯ ಮೇಲೆ ಮಾಸಿದ ಕಪ್ಪಕ್ಷರ. ನೂರಾರು ಪುಟದ ಭಾರಿ ಪಿಡಿಎಫ್ ತೆರೆದು ಪುಟದಿಂದ ಪುಟಕ್ಕೆ ಹಾರುವಾಗ ಅದರ ನಿಧಾನ ತಾಳ್ಮೆ ಪರೀಕ್ಷಿಸುತ್ತದೆ. ಕಿಟೆಲ್ ನಿಘಂಟಿನಲ್ಲಿ ಒಂದು ಪದ ಹುಡುಕಲು ಹೋಗಿ ನೋಡಿದರೆ ತಿಳಿಯುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಓದುವವರು, ಹಣದ ಅಡಚಣೆ ಇಲ್ಲದವರು ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ ನೋಡಬಹುದು. ಉಳಿದವರಿಗೆ ಸಾಧಾರಣ ಟ್ಯಾಬ್‌ಗಳಲ್ಲಿರುವ ಎಲ್‌ಸಿಡಿ ಪರದೆಯೇ ಸರಿ.

ಕಣ್ಣು, ನಿದ್ದೆ, ನೆನಪು

ಎಲ್‌ಸಿಡಿ ಎಂದ ಕೂಡಲೇ ಕಣ್ಣು ಹಾಳಾಗುವ ಭಯ. ಪರದೆಯ ನೀಲಿ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ನೀಲಿ ಬೆಳಕು ತಡೆಯುವ ಕನ್ನಡಕದಿಂದ ಕಣ್ಣಿನ ಆಯಾಸ ತಗ್ಗುವ ಸಂಭವ ಕಾಣುವುದಿಲ್ಲವೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸುವ ಕೊಕ್ರೇನ್ ಬಳಗದ 2023ರ ಸಮೀಕ್ಷೆ ಹೇಳಿತು. ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಉರಿ, ಆಯಾಸ ಹೆಚ್ಚಾಗಿ ಅದರಿಂದ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ದೂರ ನೋಡುವುದು, ಪರದೆಯ ಬೆಳಕನ್ನು ಕೋಣೆಯ ಬೆಳಕಿಗೆ ಹೊಂದಿಸುವುದು, ಹಿನ್ನೆಲೆಯನ್ನು ತಿಳಿಹಳದಿ ಮಾಡಿಕೊಳ್ಳುವುದು ಖರ್ಚಿಲ್ಲದ ಮದ್ದು.

ನಿದ್ದೆಯ ಮಾತು ಬೇರೆ. ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 12 ಮಂದಿ ಕೆಲವು ರಾತ್ರಿ ಬೆಳಕು ಸೂಸುವ ಪರದೆಯಲ್ಲಿ, ಕೆಲವು ರಾತ್ರಿ ಅಚ್ಚಿನ ಪುಸ್ತಕದಲ್ಲಿ ಓದಿದರು. ಪರದೆ ನೋಡಿದ ರಾತ್ರಿ ನಿದ್ದೆ ಹತ್ತುವುದು ತಡವಾಯಿತು, ಬೆಳಿಗ್ಗೆಯೂ ಮಂಪರು ಹೆಚ್ಚಿತ್ತು. ಹನ್ನೆರಡು ಮಂದಿ ಚಿಕ್ಕ ಸಂಖ್ಯೆಯೇ. ಆದರೂ ಮಲಗುವ ಮುನ್ನದ ಕೊನೆಯ ಗಂಟೆಯನ್ನು ಕಾಗದದ ಪುಸ್ತಕಕ್ಕೆ ಬಿಟ್ಟುಕೊಡುವುದರಿಂದ ನಷ್ಟವೇನಿಲ್ಲ.

ಓದಿದ್ದು ತಲೆಗೆ ಹೋಗುತ್ತದೆಯೇ? 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಮಾಹಿತಿಪ್ರಧಾನ ಬರಹವನ್ನು ಕಾಗದದಲ್ಲಿ ಓದಿದವರು ತುಸು ಚೆನ್ನಾಗಿ ಗ್ರಹಿಸುತ್ತಾರೆ, ಅದರಲ್ಲೂ ಸಮಯದ ಒತ್ತಡ ಇದ್ದಾಗ. ಕಥೆ ಓದುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳಿಗೆ ಪಠ್ಯಪುಸ್ತಕದ ಬದಲು ಟ್ಯಾಬ್ ಕೊಡಿಸಲು ಹೊರಟ ತಂದೆತಾಯಂದಿರು ಇದನ್ನು ಗಮನಿಸಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ ನಿಜ. ಅವು ಅಚ್ಚಿನ ಪುಸ್ತಕಕ್ಕೆ ಜೊತೆಯಾಗಲಿ, ಅದರ ಜಾಗಕ್ಕೆ ಬರುವುದು ಬೇಡ.

ಬೆಲೆಯ ಮೂರು ಹಂತ

ಅಗ್ಗದ ಟ್ಯಾಬ್ ಕನಸಿಗೆ ನಮ್ಮ ದೇಶದಲ್ಲಿ ಒಂದು ಇತಿಹಾಸವಿದೆ. 2011ರಲ್ಲಿ ಕೇಂದ್ರ ಸರಕಾರ ವಿದ್ಯಾರ್ಥಿಗಳಿಗೆಂದು 'ಆಕಾಶ್' ಟ್ಯಾಬ್ ಬಿಡುಗಡೆ ಮಾಡಿತು. ಏಳು ಇಂಚಿನ ಪರದೆ, ಒತ್ತಿದರೆ ಮಾತ್ರ ಸ್ಪಂದಿಸುವ ಹಳೆಯ ಬಗೆಯ ಸ್ಪರ್ಶ, ಎರಡು ಮೂರು ಗಂಟೆ ಬರುವ ಬ್ಯಾಟರಿ. ಬೆಲೆ ಅಗ್ಗವಿದ್ದರೂ ಓದಿಗೆ ಅದು ಒದಗಿ ಬರಲಿಲ್ಲ. ಆ ಪಾಠ ಇಂದಿಗೂ ಹಳತಾಗಿಲ್ಲ.

ಹತ್ತು ಸಾವಿರದೊಳಗೆ ಸಿಗುವ ದೊಡ್ಡ ಪರದೆಯ ಟ್ಯಾಬ್‌ಗಳಲ್ಲಿ ಹೆಚ್ಚಿನವು 1280×800ರವು. ಹೆಸರು ಕೇಳಿರದ ಕಂಪನಿಗಳ ಜಾಹೀರಾತಿನಲ್ಲಿ '12 ಜಿಬಿ ರ‍್ಯಾಮ್' ಎಂದಿದ್ದರೆ ಅದರಲ್ಲಿ ಎಷ್ಟು ನಿಜವಾದ ರ‍್ಯಾಮ್, ಎಷ್ಟು ಸ್ಟೋರೇಜಿನಿಂದ ಎರವಲು ತಂದ ಲೆಕ್ಕ ಎಂದು ಕೇಳಿ.

ಹನ್ನೆರಡರಿಂದ ಇಪ್ಪತ್ತು ಸಾವಿರದ ನಡುವೆ ಓದುಗರ ನಿಜವಾದ ಆಯ್ಕೆ ಇದೆ. ಮೇಲೆ ಹೆಸರಿಸಿದ 11 ಇಂಚಿನ ಟ್ಯಾಬ್‌ಗಳೂ ಅವುಗಳ ಮುಂದಿನ ಪೀಳಿಗೆಯವೂ ಈ ಆಸುಪಾಸಿನಲ್ಲೇ ಬರುತ್ತವೆ. ಒನ್‌ಪ್ಲಸ್ ಪ್ಯಾಡ್ ಗೋ ಬಿಡುಗಡೆಯಾದಾಗ 19,999 ರೂಪಾಯಿಯಿಂದ ಶುರುವಾಗಿತ್ತು. ಓದಲು 4 ಜಿಬಿ ರ‍್ಯಾಮ್ ಸಾಕು, 6 ಇದ್ದರೆ ದೊಡ್ಡ ಸ್ಕ್ಯಾನ್ ಸಲೀಸಾಗಿ ತೆರೆಯುತ್ತದೆ. 64 ಜಿಬಿ ಸ್ಟೋರೇಜ್ ಇದ್ದು ಮೆಮೊರಿ ಕಾರ್ಡ್ ಹಾಕುವ ಜಾಗವಿದ್ದರೆ ಒಂದು ಸಣ್ಣ ಗ್ರಂಥಾಲಯವೇ ಒಳಗೆ ಹಿಡಿಯುತ್ತದೆ. ಮನೆಯಲ್ಲಿ ವೈಫೈ ಇದ್ದವರು ಸಿಮ್ ಇರುವ ಮಾದರಿಗೆ ಹೆಚ್ಚು ಕೊಡಬೇಕಾಗಿಲ್ಲ. ಪೆನ್ನು, ಕೀಲಿಮಣೆ, ನಾಲ್ಕು ಸ್ಪೀಕರ್ ಇವೆಲ್ಲ ಓದಿಗೆ ಸಂಬಂಧಿಸಿದವಲ್ಲ.

ಇಪ್ಪತ್ತು ಸಾವಿರದ ಮೇಲೆ 12.1 ಇಂಚಿನ ರೆಡ್ಮಿ ಪ್ಯಾಡ್ ಪ್ರೊನಂಥವು, ಮೂವತ್ತೈದು ಸಾವಿರದ ಹತ್ತಿರ ಐಪ್ಯಾಡ್. ಇವುಗಳ ಪರದೆ ಚೆನ್ನ, ಐಪ್ಯಾಡ್ ಹೆಚ್ಚು ವರ್ಷ ಬಾಳುತ್ತದೆ. ಆದರೆ ತೂಕ ನೋಡಿ. 11 ಇಂಚಿನವು 480 ಗ್ರಾಂ ಆಸುಪಾಸು, ಪ್ಯಾಡ್ ಗೋ 532, ರೆಡ್ಮಿ ಪ್ಯಾಡ್ ಪ್ರೊ 571 ಗ್ರಾಂ. ಮೇಲೊಂದು ಕವರ್ ಹಾಕಿದರೆ ಮುಕ್ಕಾಲು ಕೇಜಿ ಮುಟ್ಟುತ್ತದೆ. ಕೈಯಲ್ಲಿ ಹಿಡಿದು ಅರ್ಧ ಗಂಟೆ ಓದಲಾಗದ ಟ್ಯಾಬ್ ಮೇಜಿನ ಮೇಲೇ ಉಳಿಯುತ್ತದೆ. ಹನ್ನೆರಡು ಇಂಚಿಗೆ ಹೋಗುವವರು ಮೇಜಿನ ಮುಂದೆ ಕೂತು ಓದುವವರಾಗಿರಬೇಕು.

ಬಳಸಿದ ಟ್ಯಾಬ್ ಕೊಳ್ಳುವುದೂ ಒಂದು ದಾರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಜಾಲತಾಣಗಳಲ್ಲಿ ಹಳೆಯ ಐಪ್ಯಾಡ್‌ಗಳು ಒಳ್ಳೆಯ ಬೆಲೆಗೆ ಸಿಗುತ್ತವೆ. ನೋಡಬೇಕಾದದ್ದು ಮೂರು: ಈಗಿನ ಆ್ಯಪ್‌ಗಳು ಅದರಲ್ಲಿ ನಡೆಯುತ್ತವೆಯೇ, ಬ್ಯಾಟರಿ ಉಬ್ಬಿ ಪರದೆ ಎದ್ದಿದೆಯೇ, ಬಿಳಿ ಪುಟದ ಮೇಲೆ ಕಲೆ ಕಾಣುತ್ತದೆಯೇ. ಹಣ ಕೊಡುವ ಮೊದಲು ಹಿಂದಿನವರ ಖಾತೆಯನ್ನು ಅವರಿಂದಲೇ ತೆಗೆಸಿ.

ಆ್ಯಪ್ ಅರ್ಧ ಟ್ಯಾಬ್

ಒಳ್ಳೆಯ ಪರದೆಯಲ್ಲಿ ಕೆಟ್ಟ ಆ್ಯಪ್ ಇದ್ದರೆ ಓದು ಸಾಗದು. ಫೈಲ್ ತೆರೆದರೆ ತಾನಾಗಿ ಬರುವ ಪಿಡಿಎಫ್ ಆ್ಯಪ್‌ನಲ್ಲೇ ನಿಲ್ಲಬೇಡಿ. ರೀಡ್‌ಎರಾ ಮತ್ತು ಲಿಬ್ರೆರಾ ಅಂಚು ಕತ್ತರಿಸಿ ತೋರಿಸುತ್ತವೆ, ಎಲ್ಲಿ ಬಿಟ್ಟಿರೆಂಬುದನ್ನು ನೆನಪಿಡುತ್ತವೆ. ಮುಕ್ತ ತಂತ್ರಾಂಶವಾದ ಕೆಓರೀಡರ್ ಕಲಿಯಲು ತುಸು ಕಷ್ಟ. ಮಾಸಿದ ಸ್ಕ್ಯಾನಿನ ಕಪ್ಪನ್ನು ಗಾಢ ಮಾಡುವುದರಲ್ಲಿ, ಚಿತ್ರರೂಪದ ಸಾಲನ್ನೂ ತುಂಡರಿಸಿ ಮರುಜೋಡಿಸುವುದರಲ್ಲಿ ಅದರದು ಪಳಗಿದ ಕೈ. ಯೂನಿಕೋಡ್ ಪಠ್ಯವಿದ್ದರೆ ಆಂಡ್ರಾಯ್ಡಿನ ಗೂಗಲ್ ಧ್ವನಿ ಸೌಲಭ್ಯ ಕನ್ನಡವನ್ನು ಓದಿ ಹೇಳುತ್ತದೆ. ದನಿ ಯಾಂತ್ರಿಕವಾದರೂ ಕಣ್ಣು ಮಂಜಾದವರಿಗೆ ಆಸರೆ.

ಇಲ್ಲಿ ಪ್ರಕಾಶಕರಿಗೂ ಒಂದು ಮಾತು ಹೇಳಬೇಕು. ಡಿಟಿಪಿ ಆದ ಪುಸ್ತಕವನ್ನು ಯೂನಿಕೋಡ್ ಇಪಬ್ ಆಗಿಯೂ ಸಿದ್ಧಪಡಿಸಿಟ್ಟರೆ ಓದುಗರು ಇಷ್ಟು ದೊಡ್ಡ ಪರದೆಗೆ ಹಣ ಸುರಿಯುವ ಅಗತ್ಯವೇ ಬೀಳದು. ಐದು ಸಾವಿರದ ಹಳೆಯ ಫೋನಿನಲ್ಲೂ ಕನ್ನಡ ಓದಬಹುದು. ಹಳೆಯ ಪುಸ್ತಕಗಳನ್ನು ಯೂನಿಕೋಡ್ ಪಠ್ಯಕ್ಕೆ ತರುತ್ತಿರುವ ಕನ್ನಡ ವಿಕಿಸೋರ್ಸ್‌ನ ಸ್ವಯಂಸೇವಕರು ಮಾಡುತ್ತಿರುವುದೂ ಇದೇ ಕೆಲಸ. ಅದು ಮುಗಿಯುವವರೆಗೆ ನಮಗೆ ದೊಡ್ಡ ಪರದೆ ಬೇಕು.

ಕೊನೆಗೆ ಯಾವುದು?

ಕಥೆ, ಕಾದಂಬರಿ, ಕವಿತೆ ಓದುವವರಿಗೆ 10ರಿಂದ 11 ಇಂಚು, 1920×1200, 500 ಗ್ರಾಮಿನೊಳಗೆ. ಪಠ್ಯಪುಸ್ತಕ, ಸಂಶೋಧನೆ, ನಿಘಂಟು, ಶಾಸನ ಎಂದರೆ 11 ಇಂಚಿನ ಮೇಲೆ, ಆದಷ್ಟು ಚೌಕ ಪ್ರಮಾಣ, ಇಂಚಿಗೆ 250 ಪಿಕ್ಸೆಲ್ ಆಸುಪಾಸು. ಇಪಬ್ ಮಾತ್ರ ಓದುವವರು, ಇಂಗ್ಲಿಷ್ ಹೆಚ್ಚು ಓದುವವರು ಏಳು ಇಂಚಿನ ಇ-ಇಂಕ್ ತೆಗೆದುಕೊಂಡು ಸುಖವಾಗಿರಬಹುದು. ಮೂರೂ ಸೇರಿದ ಓದು ನಿಮ್ಮದಾದರೆ ಎರಡನೆಯದನ್ನೇ ಆರಿಸಿ. ಒಳ್ಳೆಯ ಓದಿಗೆ ಇಪ್ಪತ್ತು ಸಾವಿರ ದಾಟುವ ಅಗತ್ಯವಿಲ್ಲ.

ಮಾದರಿಗಳ ಹೆಸರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಪುಸ್ತಕದ ಆಕಾರ ಬದಲಾಗುವುದಿಲ್ಲ. ಅಂಗಡಿಗೆ ಹೋಗುವಾಗ ನೀವು ಓದಬೇಕೆಂದಿರುವ ಒಂದು ಹಳೆಯ ಸ್ಕ್ಯಾನನ್ನು ಪೆನ್‌ಡ್ರೈವಿನಲ್ಲೋ ಫೋನಿನಲ್ಲೋ ಒಯ್ಯಿರಿ. ಅಲ್ಲಿರುವ ಟ್ಯಾಬಿನಲ್ಲಿ ತೆರೆದು, ನೆಟ್ಟಗೆ ಹಿಡಿದು, ಹಿಗ್ಗಿಸದೆ ಒಂದು ಪುಟ ಪೂರ್ತಿ ಓದಿ. 'ದ' ಯಾವುದು 'ಧ' ಯಾವುದು ಎಂದು ತಡವರಿಸದೆ ತಿಳಿದರೆ ಕೊಳ್ಳಿ, ಇಲ್ಲವಾದರೆ ಮುಂದಿನ ಅಂಗಡಿ ನೋಡಿ.